ಹಲಗೆಯ ಮೇಲೆ ಇಪ್ಪತ್ತೊಂದು, ಗಲ್ಲಾಪೆಟ್ಟಿಗೆಯ ಮುಂದೆ ಹದಿನಾಲ್ಕು

ಕಳೆದ ಬಟವಾಡೆಯ ಸಂಜೆ ನಾನು ಮಿಲ್ ರಸ್ತೆಯ ವೈನ್ ಶಾಪಿನ ಎದುರಿಗಿರುವ ಚಹಾದಂಗಡಿಯಲ್ಲಿ ಒಬ್ಬ ಸಂಗಾತಿಗಾಗಿ ಕಾಯುತ್ತ ಕುಳಿತಿದ್ದೆ. ಶಾಪಿನ ಕಂಬಿ ಕಿಟಕಿಯ ಪಕ್ಕದಲ್ಲಿ ತಗಡಿನ ಹಲಗೆಯೊಂದು ತೂಗುತ್ತಿದೆ. ಇಪ್ಪತ್ತೊಂದು ವರ್ಷದ ಒಳಗಿನವರಿಗೆ ಮದ್ಯ ಮಾರುವುದಿಲ್ಲವೆಂದು ಅದರಲ್ಲಿ ಬರೆದಿದೆ. ಅಕ್ಷರಗಳು ಚೆನ್ನಾಗಿವೆ, ಸನ್ನದು ನವೀಕರಣದ ಹೊತ್ತಿಗೆ ವರ್ಷಕ್ಕೊಮ್ಮೆ ಬಣ್ಣ ಹಚ್ಚಿಸುತ್ತಾರೆಂದು ಕಾಣುತ್ತದೆ. ಆ ಹಲಗೆಯ ಕೆಳಗೆ, ಶಾಲೆಯ ಸಮವಸ್ತ್ರವನ್ನು ಇನ್ನೂ ಬದಲಿಸಿರದ ಹುಡುಗನೊಬ್ಬ ದೊಡ್ಡವರ ಮೊಣಕೈಗಳ ನಡುವೆ ನುಗ್ಗಿ, ತುದಿಗಾಲಿನಲ್ಲಿ ನಿಂತು, ನೋಟು ಹಿಡಿದ ಕೈಯನ್ನು ಕಂಬಿಯೊಳಗೆ ಚಾಚಿದ. ಒಳಗಿದ್ದವನು ಹುಡುಗನ ಮುಖವನ್ನು ನೋಡಲಿಲ್ಲ. ನೋಟನ್ನು ಮಾತ್ರ ದೀಪಕ್ಕೆ ಹಿಡಿದು ನೋಡಿದ. ಎರಡು ನೈಂಟಿ ಪ್ಯಾಕೆಟ್ಟು ಹುಡುಗನ ಕೈಗೆ ಬಂದವು.

ತಿರುಗಿದವನು ನನ್ನನ್ನು ಕಂಡ. ನಾಲ್ಕನೆಯ ತರಗತಿಯಲ್ಲಿ ಅವನಿಗೆ ಮಗ್ಗಿ ಹೇಳಿಕೊಟ್ಟವನು ನಾನೇ. ಪ್ಯಾಕೆಟ್ಟುಗಳನ್ನು ಬೆನ್ನ ಹಿಂದೆ ಹಿಡಿದು, "ನಮಸ್ಕಾರ ಸಾರ್. ನಂಗಲ್ಲ ಸಾರ್, ಅಪ್ಪಂಗೆ" ಎಂದ. ಚಿಲ್ಲರೆ ಸರಿಯಾಗಿ ಎಣಿಸಿಕೊಂಡೆಯೇನಪ್ಪ ಎಂದು ಕೇಳಿದೆ; ಬೇರೇನು ಕೇಳಬೇಕೋ ನನಗೆ ತೋಚಲಿಲ್ಲ. "ಎಣಿಸೋದ್ ಬ್ಯಾಡ ಸಾರ್, ದಿನಾ ಅಷ್ಟೇ" ಎಂದು ಹೇಳಿ ಓಡಿದ. ಅವನಿಗೆ ಈಗ ಹದಿನಾಲ್ಕು.

ಬಂಧುಗಳೇ, ಹಲಗೆಯ ಮೇಲಿರುವ ಆ ಇಪ್ಪತ್ತೊಂದು ಎಲ್ಲಿಂದ ಬಂತು, ಅದನ್ನು ಯಾರಿಗಾಗಿ ಬರೆದರು, ಅದರ ಕೆಳಗೆ ಹದಿನಾಲ್ಕರ ಹುಡುಗ ಹೇಗೆ ನಿಂತ ಎಂಬುದನ್ನು ಈ ವಾರ ವಿಚಾರ ಮಾಡೋಣ.

ನಮ್ಮ ರಾಜ್ಯದಲ್ಲಿ ಮದ್ಯಕ್ಕೆ ಸಂಬಂಧಿಸಿದ ಮೂಲ ಶಾಸನ 1965ರ ಕರ್ನಾಟಕ ಅಬಕಾರಿ ಕಾಯಿದೆ. ಅದು ಹದಿನೆಂಟು ವರ್ಷದ ಒಳಗಿನವರಿಗೆ ಮಾರುವುದನ್ನು ಅಪರಾಧವೆನ್ನುತ್ತದೆ. ಆಗಿನ ಮೈಸೂರು ಸರ್ಕಾರ ಪಾನನಿರೋಧವನ್ನು ಕೈಬಿಟ್ಟು ಅಂಗಡಿಗಳ ಬಾಗಿಲು ತೆರೆದದ್ದು 1967ರಲ್ಲಿ. ಅದೇ ವರ್ಷ ಸನ್ನದಿನ ಷರತ್ತುಗಳ ನಿಯಮಗಳು ಬಂದವು. ಆ ನಿಯಮಗಳಲ್ಲಿರುವುದು ಇಪ್ಪತ್ತೊಂದು. ಹೀಗೆ ಒಂದೇ ಸರ್ಕಾರದ ಒಂದೇ ಇಲಾಖೆಯ ಕಪಾಟಿನಲ್ಲಿ ಎರಡು ವಯಸ್ಸುಗಳು ಅರ್ಧ ಶತಮಾನದಿಂದ ಅಕ್ಕಪಕ್ಕ ಮಲಗಿವೆ. ಕಾರವಾರದ ಹುಡುಗ ಕಾಳಿ ಸೇತುವೆ ದಾಟಿ ಗೋವೆಗೆ ಹೋದರೆ ಹದಿನೆಂಟಕ್ಕೇ ಗಿರಾಕಿ. ಮಂಗಳೂರಿನವನು ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋದರೆ ಇಪ್ಪತ್ತಮೂರು ಆಗಬೇಕು; ಕೇರಳ 2017ರಲ್ಲಿ ಹಾಗೆ ಏರಿಸಿತು. ನಿಪ್ಪಾಣಿಯವನು ಕೊಲ್ಲಾಪುರಕ್ಕೆ ಹೋಗಿ ವಿಸ್ಕಿ ಕೇಳಿದರೆ ಇಪ್ಪತ್ತೈದು. ಹುಡುಗನ ಯಕೃತ್ತು ರಾಜ್ಯದ ಗಡಿಯನ್ನು ನೋಡಿ ಬಲಿಯುವುದಿಲ್ಲ. ಆದರೂ ಈ ಅಂಕಿಗಳ ಗಲಿಬಿಲಿಯೇ ನನ್ನ ದೊಡ್ಡ ದೂರಲ್ಲ.

ನನ್ನ ದೂರು ಇದು. 1967ರ ಆ ನಿಯಮ ಸನ್ನದಿನ ಷರತ್ತು. ಎಂದರೆ ಅದು ಮಾತನಾಡುವುದು ಮಾರುವವನ ಜೊತೆ. ನಿನಗೆ ಮದ್ಯ ಮಾರುವ ಹಕ್ಕು ಕೊಟ್ಟಿದ್ದೇವೆ, ಅದಕ್ಕೆ ಬದಲಾಗಿ ಇಪ್ಪತ್ತೊಂದರ ಒಳಗಿನವರಿಗೆ ಮಾರಕೂಡದು ಎಂದು ಅದು ಸನ್ನದುದಾರನನ್ನು ಕಟ್ಟಿಹಾಕುತ್ತದೆ. ಬರಹದಲ್ಲಿ ಇಷ್ಟು ಸ್ಪಷ್ಟವಾಗಿರುವುದು ಬೀದಿಗೆ ಬಂದಾಗ ಏನಾಗುತ್ತದೆ? ರಾತ್ರಿ ಹತ್ತರ ಮೇಲೆ ಕೆರೆ ಏರಿಯ ಮೇಲೆ, ಆಟದ ಬಯಲಿನಲ್ಲಿ, ಕಟ್ಟುತ್ತಿರುವ ಮನೆಗಳ ಒಳಗೆ ಕುಳಿತ ಹುಡುಗರನ್ನು ಪೊಲೀಸರು ಹಿಡಿಯುತ್ತಾರೆ. ಎರಡು ಲಾಠಿ ಏಟು, ಠಾಣೆಯ ಮುಂದೆ ಬಸ್ಕಿ, ಮನೆಯವರನ್ನು ಕರೆಸಿ ಛೀಮಾರಿ. ಸಿಕ್ಕವನು ಹಮಾಲಿಯ ಮಗನಾದರೆ ಮನೆಯವರ ಕೈಯಿಂದ ಒಂದಿಷ್ಟು ಹಣವೂ ಹೋಗುತ್ತದೆ. ಗುತ್ತಿಗೆದಾರನ ಮಗನಾದರೆ ಜೀಪಿನಲ್ಲೇ ಮನೆ ಮುಟ್ಟುತ್ತಾನೆ. ಆ ಬಾಟಲಿಯನ್ನು ಯಾವ ಕಿಟಕಿಯಿಂದ ಕೊಂಡೆ ಎಂದು ಯಾರಾದರೂ ಕೇಳಿದ್ದುಂಟೇ? ಅದೇ ರಾತ್ರಿ ಆ ಅಂಗಡಿಗೆ ಬೀಗ ಬಿದ್ದದ್ದುಂಟೇ? ನಾನು ಈ ಊರಿನಲ್ಲಿ ಹುಟ್ಟಿ ಬೆಳೆದವನು, ಒಮ್ಮೆಯೂ ನೋಡಿಲ್ಲ.

ಹದಿನೆಂಟರ ಒಳಗಿನ ಮಕ್ಕಳ ವಿಷಯದಲ್ಲಿ ಶಾಸನ ಇನ್ನೂ ಕಠಿಣ. 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮು ಮಗುವಿಗೆ ಮದ್ಯ ಕೊಡುವವನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎನ್ನುತ್ತದೆ. 78ನೆಯ ಕಲಮು ಮಗುವಿನ ಕೈಯಲ್ಲಿ ಮದ್ಯವನ್ನು ಮಾರಿಸುವುದು, ಹೊರಿಸುವುದು, ಸಾಗಿಸುವುದು ಇವಕ್ಕೂ ಅಷ್ಟೇ ಶಿಕ್ಷೆ ಹೇಳುತ್ತದೆ. ಏಳು ವರ್ಷ! ಮಿಲ್ ರಸ್ತೆಯ ಕಿಟಕಿಯೊಂದರಲ್ಲೇ ದಿನದಿನವೂ ನಡೆಯುವುದನ್ನು ಬರೆದಿಟ್ಟರೆ ಒಂದು ಸೆರೆಮನೆ ಸಾಲದು. ಇಷ್ಟು ದೊಡ್ಡ ಶಿಕ್ಷೆಯನ್ನು ಪುಸ್ತಕದಲ್ಲಿ ಬರೆದಿಟ್ಟು ಯಾರ ಮೇಲೂ ಹೂಡದೆ ಇರುವುದಕ್ಕೆ ಕಾರಣವಿರಬೇಕಲ್ಲವೇ?

ಕಾರಣ ಬೊಕ್ಕಸದಲ್ಲಿದೆ. 2023–24ಕ್ಕೆ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 36,000 ಕೋಟಿ ರೂಪಾಯಿ. 2024–25ಕ್ಕೆ 38,525 ಕೋಟಿ. 2025–26ಕ್ಕೆ 40,000 ಕೋಟಿ. ಕೊನೆಯದನ್ನು ಮುನ್ನೂರ ಅರವತ್ತೈದರಿಂದ ಭಾಗಿಸಿ ನೋಡಿ: ದಿನವೊಂದಕ್ಕೆ ನೂರೊಂಬತ್ತು ಕೋಟಿಗೂ ಮೇಲೆ. ಬೆಳೆಗೆ, ಹಾಲಿಗೆ ಗುರಿ ಇಡುವುದು ಕೇಳಿದ್ದೇವೆ. ಪ್ರಜೆಗಳು ಎಷ್ಟು ಕುಡಿಯಬೇಕೆಂಬುದಕ್ಕೆ ಗುರಿ ಇಟ್ಟು, ಅದು ಮುಟ್ಟದಿದ್ದರೆ ಅಧಿಕಾರಿಗಳಿಂದ ವಿವರಣೆ ಕೇಳುವ ಆಡಳಿತ ನಮ್ಮದು. ವಿಧಾನಸೌಧದಲ್ಲಿ ಹುಟ್ಟಿದ ಗುರಿ ಜಿಲ್ಲೆಗೆ ಇಳಿದು, ತಾಲ್ಲೂಕಿಗೆ ಇಳಿದು, ಕೊನೆಗೆ ಒಬ್ಬ ಅಬಕಾರಿ ನಿರೀಕ್ಷಕನ ಮೇಜಿನ ಮೇಲೆ ಕೂರುತ್ತದೆ. ಮಾರಾಟ ಹೆಚ್ಚಿಸು ಎಂದು ಮೇಲಿನವರು ಬೆನ್ನು ಹತ್ತಿರುವ ಮನುಷ್ಯನೇ ಸಂಜೆಯ ಹೊತ್ತು ಹೋಗಿ ಹುಡುಗರಿಗೆ ಮಾರಬೇಡ ಎಂದು ಅಂಗಡಿಯವನನ್ನು ಹಿಡಿಯಬೇಕು. ಅವನು ದೇವರೇ ಆಗಿದ್ದರೂ ಎರಡನ್ನೂ ಮಾಡಲಾರ.

ಇನ್ನೂ ಒಂದು ಲೆಕ್ಕವಿದೆ. ಗುರಿ ವರ್ಷ ವರ್ಷ ಏರಬೇಕು. ಹಳೆಯ ಕುಡುಕ ಆಸ್ಪತ್ರೆ ಸೇರುತ್ತಾನೆ, ಇಲ್ಲವೆ ಸ್ಮಶಾನ ಸೇರುತ್ತಾನೆ. ಅವನ ಜಾಗಕ್ಕೆ ಹೊಸ ಗಿರಾಕಿ ಎಲ್ಲಿಂದ ಬರಬೇಕು? ನಲವತ್ತರಲ್ಲಿ ಹೊಸದಾಗಿ ಕುಡಿತ ಕಲಿಯುವವರು ಕಡಿಮೆ.

2023ರ ಜನವರಿಯಲ್ಲಿ ಸರ್ಕಾರ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡು ನಿಯಮ ಹೊರಡಿಸಿದ್ದನ್ನು ಈ ಬೆಳಕಿನಲ್ಲಿ ನೋಡಬೇಕು. ಮೂಲ ಕಾಯಿದೆಯಲ್ಲಿ ಹದಿನೆಂಟಿದೆ, ನಿಯಮದಲ್ಲಿ ಇಪ್ಪತ್ತೊಂದಿದೆ, ಎರಡನ್ನೂ ಹೊಂದಿಸಬೇಕು ಎಂಬುದು ಅದಕ್ಕೆ ಹೇಳಿದ ಕಾರಣ. ಹೊಂದಿಸುವುದೇ ಉದ್ದೇಶವಾಗಿದ್ದರೆ ಕಾಯಿದೆಯಲ್ಲಿರುವ ಹದಿನೆಂಟನ್ನು ಇಪ್ಪತ್ತೊಂದಕ್ಕೆ ಏರಿಸಿಯೂ ಹೊಂದಿಸಬಹುದಿತ್ತಲ್ಲ! ಆ ದಾರಿ ಯಾರಿಗೂ ಹೊಳೆಯಲಿಲ್ಲ. ಜನರಿಂದ ಆಕ್ಷೇಪಣೆಗಳ ಮಳೆ ಸುರಿಯಿತು, ವಿಧಾನಸಭೆಯ ಚುನಾವಣೆ ಎದುರಿಗಿತ್ತು, ಅದೇ ತಿಂಗಳು ಕರಡನ್ನು ಹಿಂದಕ್ಕೆ ಪಡೆದರು. ಅಂದು ಆಳುತ್ತಿದ್ದದ್ದು ಭಾರತೀಯ ಜನತಾ ಪಕ್ಷ. ಮೇಲೆ ಹೇಳಿದ ಮೂರು ಗುರಿಗಳನ್ನು ಇಟ್ಟದ್ದು ಅದರ ನಂತರ ಬಂದ ಕಾಂಗ್ರೆಸ್ ಸರ್ಕಾರ. ಸಾರಾಯಿಯನ್ನು 2007ರ ಜುಲೈ 1ರಿಂದ ನಿಷೇಧಿಸಿ ಬೆನ್ನು ತಟ್ಟಿಕೊಂಡವರು ಜನತಾದಳ–ಬಿಜೆಪಿ ಕೂಟದವರು. ಸಾರಾಯಿ ಪ್ಯಾಕೆಟ್ಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ ರಟ್ಟಿನ ಪ್ಯಾಕೆಟ್ಟು ಬಂದು ಕುಳಿತಿತು. ಅಂಗಿಯ ಜೇಬಿನಲ್ಲಿ, ಶಾಲೆಯ ಚೀಲದಲ್ಲಿ ಸದ್ದಿಲ್ಲದೆ ಹಿಡಿಯುವಂಥ ಪ್ಯಾಕೆಟ್ಟು ಅದು. ಬಾಟಲಿ ಕೊಂಡವನು ಅದನ್ನು ಎಲ್ಲಿಯಾದರೂ ಮುಚ್ಚಿಡಬೇಕಾಗಿತ್ತು. ಇದನ್ನು ಹಿಂಡಿ ಎಸೆದರೆ ಮುಗಿಯಿತು. ಹೀಗಾಗಿ ಯಾವ ಬಾವುಟದವರೂ ಈ ವಿಷಯದಲ್ಲಿ ಇನ್ನೊಬ್ಬರತ್ತ ಬೆರಳು ತೋರಿಸುವಂತಿಲ್ಲ.

ಸರ್ಕಾರ ಇಲ್ಲಿ ತೆರಿಗೆ ಎತ್ತುವ ದೊರೆ ಮಾತ್ರವಲ್ಲ, ಸ್ವತಃ ವ್ಯಾಪಾರಿ. ರಾಜ್ಯದ ಮದ್ಯದ ಸಗಟು ವ್ಯಾಪಾರವೆಲ್ಲ ಅದರ ಪಾನೀಯ ನಿಗಮದ ಉಗ್ರಾಣಗಳ ಮೂಲಕವೇ ಹಾಯುತ್ತದೆ. ಚಿಲ್ಲರೆ ಮಾರಾಟಕ್ಕೆ ಎಂ.ಎಸ್.ಐ.ಎಲ್. ಮಳಿಗೆಗಳಿವೆ. ಮೇಷ್ಟರಾಗಿದ್ದವನಿಗೆ ಆ ಮೂರು ನಾಲ್ಕು ಅಕ್ಷರಗಳ ಪರಿಚಯ ಬೇರೆಯೇ ಕಾರಣಕ್ಕೆ ಇದೆ: ಮಕ್ಕಳ ನೋಟ್‌ಬುಕ್ಕುಗಳ ರಟ್ಟಿನ ಮೇಲೆ ಅದೇ ಸಂಸ್ಥೆಯ ಹೆಸರಿರುತ್ತಿತ್ತು. ಸಂವಿಧಾನದ 47ನೆಯ ಅನುಚ್ಛೇದ ಮಾದಕ ಪಾನೀಯಗಳನ್ನು ನಿಷೇಧಿಸಲು ಸರ್ಕಾರ ಯತ್ನಿಸತಕ್ಕದ್ದು ಎನ್ನುತ್ತದೆ. ನಮ್ಮ ಸರ್ಕಾರದ ಯತ್ನ ಹೀಗಿದೆ.

ಇನ್ನು ಎರಡು ಬಗೆಯ ಸಜ್ಜನರಿಗೆ ಉತ್ತರ ಹೇಳಬೇಕಾಗಿದೆ.

ಮೊದಲನೆಯವರು ಸ್ವಾತಂತ್ರ್ಯದ ಪ್ರತಿಪಾದಕರು. ಹದಿನೆಂಟಕ್ಕೆ ಮತ ಹಾಕಬಹುದು, ಸೈನ್ಯ ಸೇರಬಹುದು, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಬಹುದು, ಒಂದು ಲೋಟ ಬಿಯರು ಕುಡಿಯಬಾರದೇಕೆ ಎಂದು ಇವರು ಕೇಳುತ್ತಾರೆ. ವಾದ ಕೇಳಲು ಚೆನ್ನಾಗಿದೆ, ನಾನೂ ಒಂದು ಕಾಲಕ್ಕೆ ಅದನ್ನೇ ಆಡಿದ್ದೆ. ಆದರೆ ಮತದಾನ 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು ದುಡಿಯುವ ಹುಡುಗನ ಕೈಗೆ ಅಧಿಕಾರ ಕೊಡಲಿಕ್ಕೆ. ಮದ್ಯದ ವಯಸ್ಸು ಇಳಿದರೆ ಅಧಿಕಾರ ಬರುವುದು ಮದ್ಯ ತಯಾರಿಸುವ ಕಂಪನಿಯ ಕೈಗೆ. ಬಂಡವಾಳದ ತವರಾದ ಅಮೆರಿಕವೇ 1971ರಲ್ಲಿ ಹದಿನೆಂಟಕ್ಕೆ ಮತ ಕೊಟ್ಟಿತು. 1984ರಲ್ಲಿ, ಮದ್ಯ ಕೊಳ್ಳುವ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿಯ ಅನುದಾನ ಕತ್ತರಿಸುತ್ತೇವೆಂದು ಶಾಸನ ಮಾಡಿತು. ರಸ್ತೆಯ ಮೇಲೆ ಹುಡುಗರು ಸಾಯುತ್ತಿದ್ದುದು ಅದಕ್ಕೆ ಕಾರಣ. ಅಲ್ಲಿ ಎಲ್ಲ ರಾಜ್ಯಗಳೂ ಏರಿಸಿದವು. ಹದಿನೆಂಟರ ಹುಡುಗನ ಸ್ವಾತಂತ್ರ್ಯದ ಬಗ್ಗೆ ನಿಜವಾದ ಕಳಕಳಿಯಿದ್ದವರು ಮೊದಲು ಅವನಿಗೆ ಕಾಯಂ ಕೆಲಸದ, ಎಂಟು ತಾಸಿನ ದುಡಿಮೆಯ, ಸಂಜೆ ಹೋಗಿ ಕೂರಲು ಒಂದು ವಾಚನಾಲಯದ ಮಾತನಾಡಲಿ. ನಮ್ಮ ವಾರ್ಡಿನಲ್ಲಿ ಅವನಿಗಾಗಿ ರಾತ್ರಿ ಹತ್ತರವರೆಗೆ ದೀಪ ಉರಿಯುವ ಬಾಗಿಲು ಒಂದೇ ಇದೆ, ಅದು ಬಾರಿನದು.

ಎರಡನೆಯವರು ಲಾಠಿಯ ಪ್ರತಿಪಾದಕರು. ಹುಡುಗರು ಕೆಟ್ಟರು, ಸಂಸ್ಕಾರ ಹೋಯಿತು, ನಾಲ್ಕು ಬಿಗಿದರೆ ಸರಿಹೋಗುತ್ತಾರೆ ಎನ್ನುವವರು. ಇವರಲ್ಲಿ ಬಹುಮಂದಿಗೆ ತಮ್ಮ ಕಟ್ಟಡವನ್ನು ಬಾರಿಗೆ ಬಾಡಿಗೆ ಕೊಡುವಾಗ ಸಂಸ್ಕಾರ ನೆನಪಾಗುವುದಿಲ್ಲ. ನಾನು ಪಾಠ ಹೇಳಿದವನು. ಹದಿನಾರರ ಹುಡುಗ ಏಟಿಗೆ ಬಗ್ಗುತ್ತಾನೆಂಬುದು ಹೊಡೆಯುವವನ ಭ್ರಮೆ. ಏಟು ತಿಂದವನು ಕೆರೆ ಏರಿ ಬಿಟ್ಟು ಹಳಿಯ ಪಕ್ಕಕ್ಕೆ ಹೋಗುತ್ತಾನೆ, ಅಷ್ಟೇ.

ಒಬ್ಬೊಬ್ಬನ ವಯಸ್ಸನ್ನೂ ಅಂಗಡಿಯವನು ಹೇಗೆ ಪರೀಕ್ಷಿಸಲು ಸಾಧ್ಯ, ನೂಕುನುಗ್ಗಲಲ್ಲಿ ಗುರುತಿನ ಚೀಟಿ ಕೇಳಲಾದೀತೇ ಎಂದು ಅಧಿಕಾರಿಗಳು ಹೇಳುವುದುಂಟು. ಚುನಾವಣೆ ಬಂದಾಗ ನೋಡಿ. ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಮತದಾನ ಮುಗಿಯುವ ಹೊತ್ತಿಗೆ ಹಿಂದಿನ ನಲವತ್ತೆಂಟು ತಾಸು ಆ ಕ್ಷೇತ್ರದ ಒಂದೊಂದು ಅಂಗಡಿಗೂ ಬೀಗ ಬೀಳುತ್ತದೆ. ಬೀಗಕ್ಕೆ ಅರಗಿನ ಮುದ್ರೆ ಬೀಳುತ್ತದೆ. ಎಲ್ಲ ಬಾಗಿಲನ್ನೂ ಎರಡು ದಿನ ಮುಚ್ಚಿಸಬಲ್ಲ ಇಲಾಖೆಗೆ ಒಂದು ಕಿಟಕಿಯ ಮುಂದೆ ನಿಂತ ಸಮವಸ್ತ್ರದ ಹುಡುಗ ಕಾಣುವುದಿಲ್ಲವೇ? 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೆದ್ದಾರಿಯಿಂದ ಐನೂರು ಮೀಟರಿನ ಒಳಗೆ ಮದ್ಯದಂಗಡಿ ಇರಕೂಡದೆಂದಾಗ ಹಲವು ರಾಜ್ಯಗಳು ಅಂಗಡಿಯನ್ನು ಸರಿಸುವ ಬದಲು ಹೆದ್ದಾರಿಯನ್ನೇ ಹೆದ್ದಾರಿಯಲ್ಲವೆಂದು ಘೋಷಿಸಲು ಹೊರಟವು. ಅಂಗಡಿಯನ್ನು ಉಳಿಸಲು ಇಷ್ಟು ಬುದ್ಧಿ ಓಡುತ್ತದೆ.

ಮತದಾನದ ಮಾತು ಬಂತಾದ್ದರಿಂದ ಹೇಳಿಬಿಡುತ್ತೇನೆ. ಬಾಗಿಲು ಮುಚ್ಚುವ ಮುಂಚೆಯೇ ಪೆಟ್ಟಿಗೆಗಳು ಯಾವ ಯಾವ ಮನೆಯ ಅಟ್ಟ ಸೇರುತ್ತವೆಂಬುದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಮೊದಲ ಮತ ಹಾಕುವ ಹುಡುಗನಿಗೆ ಮೊದಲ ಬಾಟಲಿ ಕೊಡುವವನು ಅಭ್ಯರ್ಥಿಯ ಚೇಲಾ. ಶಾಸನದ ಪ್ರಕಾರ ಆ ಹುಡುಗ ಇನ್ನೂ ಮೂರು ವರ್ಷ ಮದ್ಯ ಕೊಳ್ಳುವಂತಿಲ್ಲ. ನಮ್ಮ ಪಕ್ಷವೂ ಈ ವಿಷಯದಲ್ಲಿ ಗಂಗಾಸ್ನಾನ ಮಾಡಿ ಬಂದದ್ದಲ್ಲ. ಬೋನಸ್ಸಿನ ಹೋರಾಟ ಗೆದ್ದ ದಿನ ನಮ್ಮ ಮೆರವಣಿಗೆ ಎಲ್ಲಿ ಕರಗಿತು ಎಂಬುದನ್ನು ಅದರಲ್ಲಿ ಬಾವುಟ ಹಿಡಿದು ನಡೆದ ಹುಡುಗರು ಕಣ್ಣಾರೆ ನೋಡಿದ್ದಾರೆ. ಇದನ್ನು ಬರೆಯಬೇಡಿರೆಂದು ಸಂಪಾದಕರು ಹೇಳಲಿಲ್ಲ. ಅದಕ್ಕಾಗಿ ಅವರಿಗೆ ವಂದನೆ.

ಈಗ ಈ ಪತ್ರಿಕೆಯನ್ನು ಕೊಂಡು ಓದುವ ನಿಮ್ಮ ಜೊತೆಯಲ್ಲೇ ಸ್ವಲ್ಪ ನಿಷ್ಠುರ ಮಾತು.

ವ್ಯಾಪಾರಿ ಮಿತ್ರರೇ, ನಿಮ್ಮಲ್ಲಿ ಕೆಲವರ ಕಿರಾಣಿ ಅಂಗಡಿಯ ಅಕ್ಕಿ ಮೂಟೆಯ ಹಿಂದೆ, ಬೀಡಾ ಅಂಗಡಿಯ ಮಣೆಯ ಕೆಳಗೆ ಏನಿರುತ್ತದೆಂಬುದು ನನಗೆ ಗೊತ್ತು. ಹುಡುಗರಿಗೆ ವೈನ್ ಶಾಪಿನ ಕಿಟಕಿಗಿಂತ ನಿಮ್ಮ ಅಂಗಡಿಯೇ ಸಲೀಸು, ಬೆಳಗಿನ ಐದಕ್ಕೂ ಸಿಗುತ್ತದೆ, ಉದ್ರಿಯೂ ನಡೆಯುತ್ತದೆ. ನಿಮ್ಮ ಕಷ್ಟವನ್ನು ಬಲ್ಲೆ. ದೊಡ್ಡ ಮಳಿಗೆಗಳು ಬಂದು ನಿಮ್ಮ ಎಣ್ಣೆ, ಸಕ್ಕರೆಯ ವ್ಯಾಪಾರವನ್ನು ನುಂಗಿವೆ. ಒಂದು ಪ್ಯಾಕೆಟ್ಟಿಗೆ ಸಿಗುವ ಹತ್ತು ರೂಪಾಯಿಯ ಆಸೆ ಸಣ್ಣದಲ್ಲ. ಆದರೆ ಯೋಚನೆ ಮಾಡಿ, ದಾಳಿಯಾದ ದಿನ ಹಗ್ಗ ಬೀಳುವುದು ಯಾರ ಕೊರಳಿಗೆ? ಪೆಟ್ಟಿಗೆಗಟ್ಟಲೆ ನಿಮಗೆ ಸಾಗಿಸಿದ ಸನ್ನದುದಾರ ಠಾಣೆಯಲ್ಲಿ ಕುರ್ಚಿಯ ಮೇಲೆ ಕೂತಿರುತ್ತಾನೆ, ನೀವು ನೆಲದ ಮೇಲೆ. ಅವನ ಗುರಿಯನ್ನು ನಿಮ್ಮ ಬೆನ್ನ ಮೇಲೆ ಹೊರಿಸಿದ್ದಾನೆ. ನಿಮ್ಮ ಅಂಗಡಿಗೆ ಹತ್ತು ರೂಪಾಯಿ ಬಂತು. ಅದೇ ಮನೆಯ ಹೆಂಗಸು ತಿಂಗಳ ಕೊನೆಯಲ್ಲಿ ನಿಮ್ಮ ಹಳೆಯ ಬಾಕಿ ತೀರಿಸಲಾರದೆ ಮುಖ ತಪ್ಪಿಸಿ ಓಡಾಡುತ್ತಾಳೆ. ನಿಮ್ಮ ಖಾತೆ ಪುಸ್ತಕವನ್ನೇ ತೆಗೆದು ನೋಡಿ, ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು.

ಕಾರ್ಮಿಕ ಬಂಧುಗಳೇ, ಹತ್ತು ತಾಸು ಮೂಟೆ ಹೊತ್ತವನ, ನಿಂತು ನೂಲು ಕಟ್ಟಿದವನ ಮೈನೋವಿಗೆ ಸಂಜೆ ಒಂದು ಪ್ಯಾಕೆಟ್ಟು ಬೇಕೆನಿಸುತ್ತದೆ. ಆ ನೋವನ್ನು ಕೊಟ್ಟ ಯಜಮಾನನನ್ನು ಬಿಟ್ಟು ನಿಮ್ಮನ್ನು ಬೈಯುವ ಬಾಯಿ ನನ್ನದಲ್ಲ. ಕುಡಿತ ಬಿಡಿರೆಂದು ಇಂದು ಕೇಳುವುದೂ ಇಲ್ಲ, ಅದು ಬೇರೆಯ ಲೇಖನ. ಒಂದೇ ಕೇಳುವುದು: ತರಲು ಮಗನನ್ನು ಕಳಿಸಬೇಡಿ. ಮೇಲೆ ಹೇಳಿದ 78ನೆಯ ಕಲಮು ನಿಮಗೂ ಅನ್ವಯಿಸುತ್ತದೆ ಎಂದು ಹೆದರಿಸಲು ಇದನ್ನು ಹೇಳುತ್ತಿಲ್ಲ. ಹುಡುಗ ಹೋಗುವ ಮೊದಲ ದಿನ ನಾಚಿಕೊಳ್ಳುತ್ತಾನೆ, ಎರಡನೆಯ ತಿಂಗಳು ಅಂಗಡಿಯವನ ಹೆಸರು ಹಿಡಿದು ಕರೆಯುತ್ತಾನೆ, ಮೂರನೆಯ ವರ್ಷ ಎರಡು ಪ್ಯಾಕೆಟ್ಟಿನ ಜೊತೆ ಮೂರನೆಯದನ್ನು ತರುತ್ತಾನೆ. ಆ ಮೂರನೆಯದರ ಲೆಕ್ಕ ನಿಮಗೆ ಸಿಗುವುದಿಲ್ಲ. ನಾನು ಮೊದಲ ತಂಡದಲ್ಲಿ ಪಾಠ ಹೇಳಿದ ಹುಡುಗರಲ್ಲಿ ಈಗ ಇಪ್ಪತ್ತು ದಾಟಿದವರಿದ್ದಾರೆ. ಅವರಲ್ಲಿ ಲೆಕ್ಕದಲ್ಲಿ ಬಹಳ ಚುರುಕಾಗಿದ್ದ ಒಬ್ಬ ಇಂದು ಬೆಳಗಿನ ಪಾಳಿಗೆ ಹೋಗುವ ಮುಂಚೆ ಕೈನಡುಕ ನಿಲ್ಲಿಸಿಕೊಳ್ಳಲು ಪ್ಯಾಕೆಟ್ಟು ಹರಿಯುತ್ತಾನೆ. ಅವನೂ ಅಪ್ಪನಿಗೆ ತಂದುಕೊಡುತ್ತಿದ್ದವನೇ.

ಗಂಡಸರು ಬಾಯಿ ತೆರೆಯದ ಈ ವಿಷಯದಲ್ಲಿ ದಾರಿ ತೋರಿಸಿದವರು ಹೆಂಗಸರು. 2019ರ ಜನವರಿಯಲ್ಲಿ ಹಳ್ಳಿಗಳ ಬಡ ಹೆಂಗಸರು ಸಾವಿರಗಟ್ಟಲೆ ಸೇರಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಹನ್ನೊಂದು ಹನ್ನೆರಡು ದಿನದ ನಡಿಗೆ, ಕಾಲು ಒಡೆದು ರಕ್ತ ಬಂದ ನಡಿಗೆ. ಅವರು ಕೇಳಿದ ಸಂಪೂರ್ಣ ನಿಷೇಧದ ಬಗ್ಗೆ ನಮ್ಮ ಪಕ್ಷದೊಳಗೆ ಎರಡು ಅಭಿಪ್ರಾಯಗಳಿವೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಮೇಲೆ ಜನ ಸತ್ತದ್ದನ್ನು ನೆನೆದಾಗ ನನಗೂ ಅಳುಕಿದೆ. ಆದರೆ ನಿಷೇಧದ ಚರ್ಚೆ ಮುಗಿಯುವವರೆಗೆ ಹದಿನಾಲ್ಕರ ಹುಡುಗ ಕಿಟಕಿಯ ಮುಂದೆ ನಿಂತಿರಬೇಕೆಂದೇನೂ ಇಲ್ಲವಲ್ಲ.

ನಾವು ಕೇಳುವುದು ಇಷ್ಟು. ಮೂಲ ಕಾಯಿದೆಯ ಹದಿನೆಂಟನ್ನು ಇಪ್ಪತ್ತೊಂದು ಮಾಡಿ, ಮತ್ತೆ ಯಾವ ಸರ್ಕಾರವೂ ಹೊಂದಾಣಿಕೆಯ ನೆಪ ಹೇಳದಂತೆ ಮಾಡಬೇಕು. ಒಳವಯಸ್ಸಿನವನಿಗೆ ಮಾರಿದ್ದು ಸಿಕ್ಕಿದರೆ ಮೊದಲ ಸಲ ತಿಂಗಳು ಕಾಲ ಬೀಗ, ಎರಡನೆಯ ಸಲ ಸನ್ನದು ರದ್ದು. ದಂಡ ಬೇಡ, ದಂಡವನ್ನು ಅವರು ಒಂದು ಸಂಜೆಯಲ್ಲಿ ದುಡಿಯುತ್ತಾರೆ. ಹುಡುಗನ ಮೇಲೆ ಕೈಮಾಡಕೂಡದು. ಅವನನ್ನು ಸಾಕ್ಷಿಯೆಂದು ನೋಡಬೇಕು, ಎಲ್ಲಿ ಕೊಂಡೆ ಎಂದು ಕೇಳಿ ಬರೆದುಕೊಳ್ಳಬೇಕು. ವಯಸ್ಸಿನ ತಪಾಸಣೆಯನ್ನು ಮಾರಾಟದ ಗುರಿ ಹೊತ್ತ ಅಬಕಾರಿ ಇಲಾಖೆಯಿಂದ ಕಿತ್ತು, ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಇಲಾಖೆಗೆ ಕೊಡಬೇಕು. ಮಹಾರಾಷ್ಟ್ರದಲ್ಲಿ ವಾರ್ಡಿನ ಹೆಂಗಸರು ಕೇಳಿದರೆ ಗುಪ್ತ ಮತದಾನ ನಡೆಯುತ್ತದೆ. ಚೀಟಿಯ ಮೇಲೆ ನಿಂತ ಬಾಟಲಿ ಒಂದು, ಅಡ್ಡ ಬಿದ್ದ ಬಾಟಲಿ ಒಂದು ಚಿತ್ರವಿರುತ್ತದೆ. ಅಡ್ಡ ಬಾಟಲಿಗೆ ಬೇಕಾದಷ್ಟು ಮತ ಬಿದ್ದರೆ ಅಂಗಡಿ ಮುಚ್ಚಬೇಕು. ಅಕ್ಷರ ಬಾರದ ತಾಯಿಯೂ ಹಾಕಬಹುದಾದ ಮತ ಅದು. ಆ ಹಕ್ಕು ನಿಪ್ಪಾಣಿಯ ಗಡಿಯ ಆಚೆಗೆ ಮಾತ್ರ ಏಕಿರಬೇಕು?

ಜಿಲ್ಲಾಧಿಕಾರಿಗಳಿಗೆ ಸಲ್ಲಿಸುವ ಅರ್ಜಿ ಪಕ್ಷದ ಕಚೇರಿಯಲ್ಲಿ ಸಿದ್ಧವಿದೆ. ಸಂಜೆ ಪಾಳಿ ಬಿಟ್ಟ ಮೇಲೆ ಆರರಿಂದ ಒಂಬತ್ತರವರೆಗೆ ಬಂದು ಸಹಿ ಹಾಕಬಹುದು. ಹೆಬ್ಬೆಟ್ಟೂ ನಡೆಯುತ್ತದೆ, ಮನೆಯ ಹೆಂಗಸರನ್ನು ಕರೆತನ್ನಿ. ಬರುವ ಬಟವಾಡೆಯ ದಿನ ಸಂಜೆ ಐದರಿಂದ ನಾವು ಹತ್ತು ಜನ ಮಿಲ್ ರಸ್ತೆಯ ಆ ಕಿಟಕಿಯ ಎದುರು, ಚಹಾದಂಗಡಿಯ ಬದಿಯಲ್ಲಿ, ಕೈಯಲ್ಲಿ ನೋಟ್‌ಬುಕ್ಕು ಹಿಡಿದು ನಿಲ್ಲುತ್ತೇವೆ. ಘೋಷಣೆ ಇಲ್ಲ, ಜಗಳ ಇಲ್ಲ. ಯಾವ ಹೊತ್ತಿಗೆ ಎಷ್ಟು ಮಕ್ಕಳ ಕೈಗೆ ಏನು ಕೊಟ್ಟರೆಂಬುದನ್ನು, ಮಕ್ಕಳ ಹೆಸರು ಬಿಟ್ಟು, ಬರೆದುಕೊಳ್ಳುತ್ತೇವೆ. ಆ ಪುಟಗಳ ನಕಲನ್ನು ಅರ್ಜಿಗೆ ಲಗತ್ತಿಸುತ್ತೇವೆ. ಅಂಗಡಿಯವರಿಗೆ ಇದನ್ನು ಮುಂಚೆಯೇ ತಿಳಿಸಿದಂತಾಯಿತು. ಆ ಒಂದು ಸಂಜೆಯಾದರೂ ಅವರು ಹುಡುಗರ ಮುಖ ನೋಡಿ ಮಾರಬಹುದು.